ಚಿತ್ರಾಭಾವ ಮೀಮಾಂಸೆ

ವೈಶೇಷಿಕರು ಲೋಕವನ್ನೆಲ್ಲ ಏಳು ಪದಾರ್ಥಗಳಲ್ಲಿ ಅಡಕಮಾಡಿದರು. ಏಳನೆಯದು ಅಭಾವ. ಇಲ್ಲದ್ದನ್ನೂ ಇರುವವುಗಳ ಪಟ್ಟಿಗೆ ಸೇರಿಸಿದ ಆ ಔದಾರ್ಯಕ್ಕೆ ತಕ್ಕ ಉದಾಹರಣೆ ಸಿಕ್ಕಿದ್ದು ಡೆಸ್ಕ್‌ಟಾಪ್ ತಂತ್ರಾಂಶ ಬಂದ ಮೇಲೆಯೇ. ಬಟನ್ ಇದೆ, ಅದರ ಮೇಲೆ ಐಕಾನ್ ಇಲ್ಲ. ಲೋಗೋ ಇರಬೇಕಾದ ಕಡೆ ಬೂದು ಚೌಕ. ತಾರ್ಕಿಕರ ಪರಿಭಾಷೆಯಲ್ಲಿ ಬೂದು ಚೌಕ ಅನುಯೋಗಿ, ಕಾಣದ ಲೋಗೋ ಪ್ರತಿಯೋಗಿ. ಎರಡನ್ನೂ ನೋಡುತ್ತ ಬೆವರುವ ಪ್ರೋಗ್ರಾಮರ್ ಯಾವ ಪದಾರ್ಥಕ್ಕೆ ಸೇರುತ್ತಾರೆಂಬುದು ಇನ್ನೂ ವಿವಾದಗ್ರಸ್ತ.

ಈ ಅಭಾವವನ್ನು ತಿಳಿಯುವುದು ಹೇಗೆ? ಕುಮಾರಿಲ ಭಟ್ಟರ ಪಂಥದವರು ಅನುಪಲಬ್ಧಿ ಎಂಬ ಆರನೆಯ ಪ್ರಮಾಣವನ್ನು ಒಪ್ಪುತ್ತಾರೆ: ಇದ್ದಿದ್ದರೆ ಕಾಣಬೇಕಿತ್ತು, ಕಾಣಲಿಲ್ಲ, ಆದ್ದರಿಂದ ಇಲ್ಲ. ಪ್ರೋಗ್ರಾಮರ್‌ಗಳು ಇದನ್ನು ಸುತರಾಂ ಒಪ್ಪುವುದಿಲ್ಲ. ಅವರದು ಅನುಮಾನ ಪ್ರಮಾಣ. ಪ್ರತಿಜ್ಞೆ: ಚಿತ್ರ ಕಾಣುತ್ತದೆ. ಹೇತು: ನನ್ನ ಮಷೀನಿನಲ್ಲಿ ಕಾಣುತ್ತಿದೆ. ದೃಷ್ಟಾಂತ: ನಿನ್ನೆಯ ಡೆಮೊ.

ಹೇತು ಇಲ್ಲಿ ಸೋಪಾಧಿಕ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುತ್ತದೆ ಎನ್ನಲಾಗದು, ಸೌದೆ ಹಸಿಯಿರಬೇಕು. ಅವರ ಮಷೀನಿನಲ್ಲಿ ಆ ಹಸಿ ಸೌದೆ ಯಾವುದೆಂದರೆ ಪ್ರಾಜೆಕ್ಟ್ ಫೋಲ್ಡರ್. ಕೋಡ್ ಬರೆಯುವ ಎಡಿಟರ್ ಪ್ರೋಗ್ರಾಮನ್ನು ಸಾಮಾನ್ಯವಾಗಿ ಅಲ್ಲಿಂದಲೇ ಓಡಿಸುತ್ತದೆ. ಆದ್ದರಿಂದ 'ಇಮೇಜಸ್ ಫೋಲ್ಡರಿನೊಳಗಿನ ಲೋಗೋ' ಎಂದಷ್ಟೇ ಬರೆದಿದ್ದರೂ ಚಿತ್ರ ಸಿಗುತ್ತದೆ. ಗ್ರಾಹಕರು ಅದೇ ಪ್ರೋಗ್ರಾಮನ್ನು ಬೇರೊಂದು ಫೋಲ್ಡರಿನಿಂದ ಶುರುಮಾಡಿದರೆ ಹುಡುಕಾಟ ಆ ಫೋಲ್ಡರಿನಿಂದ ಹೊರಡುತ್ತದೆ. ಸಾಪೇಕ್ಷ ದಾರಿಯ ಲೆಕ್ಕ ಪ್ರೋಗ್ರಾಮ್ ಹುಟ್ಟಿದ ಜಾಗದಿಂದಲ್ಲ, ಓಡುವಾಗ ನಿಂತ ಜಾಗದಿಂದ.

ಇನ್ನು ಶಬ್ದ ಪ್ರಮಾಣ, ಎಂದರೆ ದೋಷಸಂದೇಶ. ಇಲ್ಲಿ ಶಾಸ್ತ್ರಕಾರರಲ್ಲೇ ಒಡಕಿದೆ. ಜಾವಾ ಸ್ವಿಂಗ್‌ನ ಇಮೇಜ್‌ಐಕಾನ್‌ಗೆ ತಪ್ಪು ಫೈಲ್ ಹೆಸರು ಕೊಟ್ಟರೆ ಅದು ಮೌನವ್ರತ ಹಿಡಿಯುತ್ತದೆ. ಅಗಲ ಎಷ್ಟೆಂದು ಕೇಳಿದರೆ ಮಾತ್ರ 'ಮೈನಸ್ 1' ಎನ್ನುತ್ತದೆ. ಇಲ್ಲದ ವಸ್ತುವಿಗೆ ಶೂನ್ಯಕ್ಕಿಂತಲೂ ಕಡಿಮೆ ಅಗಲ ಕೊಟ್ಟ ಧೈರ್ಯ ನೈಯಾಯಿಕರಲ್ಲೂ ಕಾಣದು. ಅದೇ ಜಾವಾದಲ್ಲಿ ಗೆಟ್‌ರಿಸೋರ್ಸ್ ಎಂದು ಕರೆದು, ಅದು ಕೊಟ್ಟ 'ನಲ್' ಅನ್ನು ನೋಡದೆ ಇಮೇಜ್‌ಐಕಾನ್‌ಗೆ ದಾಟಿಸಿದರೆ, ನಲ್ ಪಾಯಿಂಟರ್ ಎಕ್ಸೆಪ್ಶನ್ ಎಂದು ಕೂಗಿ ಪ್ರಾಣ ಬಿಡುತ್ತದೆ. ಬಹಳ ಜನ ಇದಕ್ಕೆ ಬೈಯುತ್ತಾರೆ. ಈ ಪ್ರಬಂಧಕಾರನ ಮತದಲ್ಲಿ ಕೂಗಿ ಸತ್ತದ್ದೇ ಆಪ್ತ. ಸುಮ್ಮನೆ ಬೂದು ಚೌಕ ತೋರಿಸಿ ಬದುಕಿರುವುದು ಠಕ್ಕ.

ಅಭಾವ ನಾಲ್ಕು ಬಗೆ. ಪ್ರಾಗಭಾವಕ್ಕೆ ಆದಿಯಿಲ್ಲ, ಅಂತ್ಯವಿದೆ: ಚಿತ್ರ ಇನ್ನೂ ಬಂದಿಲ್ಲ, ಬರುತ್ತದೆ. ಜಾವಾದ ಹಳೆಯ ಟೂಲ್‌ಕಿಟ್ ಚಿತ್ರವನ್ನು ಹಿನ್ನೆಲೆಯಲ್ಲಿ ತರಿಸಿಕೊಳ್ಳುವಾಗ ಮೊದಲ ಸಲ ಚಿತ್ರಿಸಿದ್ದು ಖಾಲಿಯಾಗಿರುವುದುಂಟು. ಕಾಯುವುದಕ್ಕೆಂದೇ ಮೀಡಿಯಾಟ್ರ್ಯಾಕರ್ ಎಂಬ ಕ್ಲಾಸ್ ಇದೆ. ತಾಳ್ಮೆಯಿದ್ದವರಿಗೆ ಇಲ್ಲಿ ಹೇಳಬೇಕಾದ್ದು ಹೆಚ್ಚಿಲ್ಲ.

ಪ್ರಧ್ವಂಸಾಭಾವ ಇದರ ತಿರುಗುಮುರುಗು: ಇತ್ತು, ನಾಶವಾಯಿತು. ಇದರ ಕಾಶಿ ಪೈಥಾನ್‌ನ ಟಿಕಿಂಟರ್. ಫಂಕ್ಷನ್ ಒಂದರೊಳಗೆ ಫೋಟೋಇಮೇಜ್ ತೆರೆದು ಲೇಬಲ್‌ಗೆ ಕೊಡುತ್ತೀರಿ. ದಾರಿ ಸರಿ, ಹೆಸರು ಸರಿ, ಫೈಲ್ ಸರಿ. ಫಂಕ್ಷನ್ ಮುಗಿದೊಡನೆ ಆ ಚಿತ್ರವನ್ನು ಹಿಡಿದಿದ್ದ ಪೈಥಾನ್ ಹೆಸರು ಅಳಿಯುತ್ತದೆ. ಲೇಬಲ್ ಅದನ್ನು ಬಳಸುತ್ತಿದೆಯೆಂಬ ಸಂಗತಿ ಪೈಥಾನ್‌ನ ಲೆಕ್ಕದ ಪುಸ್ತಕದಲ್ಲಿಲ್ಲ, ಏಕೆಂದರೆ ಲೇಬಲ್‌ನ ಹಿಂದಿರುವ ಟಿಕೆಗೆ ಗೊತ್ತಿರುವುದು ಚಿತ್ರದ ಹೆಸರು ಮಾತ್ರ. ವಾರಸುದಾರರಿಲ್ಲವೆಂದು ಪೈಥಾನ್ ಚಿತ್ರವನ್ನು ಅಳಿಸಿಬಿಡುತ್ತದೆ. ಆಶ್ಚರ್ಯವೆಂದರೆ ಲೇಬಲ್ ಚಿತ್ರದ ಉದ್ದ ಅಗಲವನ್ನು ಬಿಡುವುದಿಲ್ಲ, ರೂಪವನ್ನು ಮಾತ್ರ ಕಳೆದುಕೊಳ್ಳುತ್ತದೆ. ಗುಣಿ ನಾಶವಾದ ಮೇಲೂ ಪರಿಮಾಣವೆಂಬ ಗುಣ ಉಳಿಯಬಹುದೆ? ಕಣಾದರು ಇಲ್ಲವೆನ್ನುತ್ತಿದ್ದರು, ಟಿಕೆ ಉಳಿಸಿ ತೋರಿಸಿದೆ. ಪರಿಹಾರ ಒಂದೇ ಸಾಲು: ಚಿತ್ರವನ್ನು ಲೇಬಲ್‌ನದೇ ಒಂದು ಗುಣವಾಗಿ ಕಟ್ಟಿಹಾಕುವುದು. ನೋಡಿದವರಿಗೆ ಆ ಸಾಲು ವ್ಯರ್ಥವೆನಿಸುತ್ತದೆ. ಆಮೇಲೆ ಸೇರಿದವರು 'ಇದೇಕೆ ಇಲ್ಲಿದೆ' ಎಂದು ಅದನ್ನು ಅಳಿಸುತ್ತಾರೆ, ಹೀಗೆ ಶಾಸ್ತ್ರಪರಂಪರೆ ಮುಂದುವರಿಯುತ್ತದೆ.

ಅತ್ಯಂತಾಭಾವ ಮೊಲದ ಕೊಂಬು. ಚಿತ್ರವನ್ನು ಪ್ಯಾಕೇಜಿನೊಳಗೆ ಹಾಕಿಯೇ ಇಲ್ಲ. ಪೈಇನ್‌ಸ್ಟಾಲರ್ ಕೋಡ್‌ನಲ್ಲಿರುವ ಇಂಪೋರ್ಟ್‌ಗಳ ಜಾಡು ಹಿಡಿದು ಬೇಕಾದ್ದನ್ನು ಕೂಡಿಸುತ್ತದೆ. ಪಿಎನ್‌ಜಿ ಫೈಲನ್ನು ಯಾರೂ ಇಂಪೋರ್ಟ್ ಮಾಡುವುದಿಲ್ಲವಾದ್ದರಿಂದ ನಾವೇ ಹೇಳಿ ಸೇರಿಸಬೇಕು. ಸೇರಿಸಿದರೂ ಒಂದೇ ಫೈಲಾಗಿ ಕಟ್ಟಿದ ಪ್ರೋಗ್ರಾಮ್ ಪ್ರತಿ ಸಲ ತಾತ್ಕಾಲಿಕ ಫೋಲ್ಡರೊಂದರಲ್ಲಿ ಗಂಟು ಬಿಚ್ಚುತ್ತದೆ, ಚಿತ್ರವನ್ನು ಅಲ್ಲೇ ಹುಡುಕಬೇಕು. ಕ್ಯೂಟಿಯಲ್ಲಿ ಇನ್ನೊಂದು ಸೂಕ್ಷ್ಮ: ಪಿಎನ್‌ಜಿ ಐಕಾನ್‌ಗಳೆಲ್ಲ ಕಾಣುತ್ತವೆ, ಜೆಪೆಗ್ ಫೋಟೋಗಳು ಮಾತ್ರ ಕಾಣುವುದಿಲ್ಲ. ಚಿತ್ರ ಇದೆ, ಅದನ್ನು ಓದಬಲ್ಲ ಪ್ಲಗಿನ್ ಗ್ರಾಹಕರ ಮನೆಗೆ ಹೋಗಿಲ್ಲ. ಇದನ್ನು ಪ್ರಮೇಯದ ಅಭಾವ ಎನ್ನದೆ ಪ್ರಮಾತೃವಿನ ಅಭಾವ ಎನ್ನುವುದು ಉಚಿತ.

ಉಳಿದದ್ದು ಅನ್ಯೋನ್ಯಾಭಾವ, ಇದು ಅದಲ್ಲ: ಘಟ ಪಟವಲ್ಲ. ದೊಡ್ಡ 'ಎಲ್'ನಿಂದ ಶುರುವಾಗುವ ಲೋಗೋ ಚಿಕ್ಕ 'ಎಲ್'ನ ಲೋಗೋ ಅಲ್ಲ. ವಿಂಡೋಸ್ ಅದ್ವೈತಿ, ಸಾಮಾನ್ಯವಾಗಿ ಎರಡನ್ನೂ ಒಂದೆಂದು ಕಾಣುತ್ತದೆ. ಲಿನಕ್ಸ್ ದ್ವೈತಿ. ಸಂಕಟವೆಂದರೆ ವಿಂಡೋಸ್‌ನೊಳಗೇ ಇರುವ ಜಾರ್ ಫೈಲ್ ಕೂಡ ದ್ವೈತಿ, ಅದ್ವೈತಿಯ ಮಠದಲ್ಲಿ ಮಧ್ವರ ಶಿಷ್ಯ ಬಿಡಾರ ಹೂಡಿದ ಹಾಗೆ. ಕೋಡ್ ಬರೆಯುವಾಗ ನಡೆದ ವಾದ ಜಾರ್ ಕಟ್ಟಿದ ಮೇಲೆ ಬಿದ್ದುಹೋಗುತ್ತದೆ.

ಕನ್ನಡದಲ್ಲಿ ಫೈಲಿಗೆ ಹೆಸರಿಟ್ಟ ಅಭಿಮಾನಿಗಳಿಗೆ ಭೇದ ಇನ್ನೂ ಆಳದಲ್ಲಿದೆ. 'ಲೋ' ಎಂಬುದನ್ನು ಯೂನಿಕೋಡ್‌ನಲ್ಲಿ ಲಕಾರದ ಮುಂದೆ ಓತ್ವದ ಒಂದೇ ಚಿಹ್ನೆಯಿಟ್ಟು ಬರೆಯಬಹುದು. ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಎಂದು ಮೂರು ತುಂಡು ಮಾಡಿಯೂ ಬರೆಯಬಹುದು. ಎರಡೂ ಸಮಾನವೆಂದೇ ಯೂನಿಕೋಡ್‌ನ ತೀರ್ಪು. ಮ್ಯಾಕ್‌ನ ಹಳೆಯ ಫೈಲ್ ವ್ಯವಸ್ಥೆ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು, ವಿಂಡೋಸ್ ಆ ಸಮಾನತೆಯನ್ನು ಲೆಕ್ಕಿಸುವುದಿಲ್ಲ. ಪರದೆಯ ಮೇಲೆ ಎರಡು ಹೆಸರೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕಾಣುವುದರಿಂದ ಪ್ರತ್ಯಕ್ಷ ಪ್ರಮಾಣ ಇಲ್ಲಿ ಕೈಚೆಲ್ಲುತ್ತದೆ. ಬೈಟ್‌ಗಳನ್ನು ಎಣಿಸದೆ ಗತಿಯಿಲ್ಲ.

ನಾಮಕ್ಕೂ ಜಾತಿಗೂ ಇರುವ ಭೇದವೂ ಇಲ್ಲೇ ಸೇರಬೇಕು. ವೆಬ್‌ಪಿ ಚಿತ್ರದ ಬಾಲ ಕತ್ತರಿಸಿ ಪಿಎನ್‌ಜಿ ಎಂದು ಬರೆದರೆ ಅದು ಪಿಎನ್‌ಜಿ ಆಗುವುದಿಲ್ಲ. ನಿಜವಾದ ಪಿಎನ್‌ಜಿ ಶುರುವಾಗುವುದು 137, 80, 78, 71, 13, 10, 26, 10 ಎಂಬ ಎಂಟು ಬೈಟ್‌ಗಳಿಂದ. ನಡುವಿನ 13, 10 ಹಾಗೂ ಕೊನೆಯ 10 ಸಾಲು ಮುರಿಯುವ ಗುರುತುಗಳು: ಚಿತ್ರವನ್ನು ಪಠ್ಯವೆಂದು ತಿಳಿದು ಸಾಗಿಸುವಾಗ ಯಾರಾದರೂ ಅವನ್ನು ತಿದ್ದಿದ್ದರೆ ಮೊದಲ ಹೆಜ್ಜೆಗೇ ಸಿಕ್ಕಿಬೀಳಲಿ ಎಂದು ಹಾಕಿದ ಬೋನು. ಇಷ್ಟು ಮುಂದಾಲೋಚನೆಯ ಸೂತ್ರಕಾರರು ವಿರಳ.

ಪೂರ್ವಪಕ್ಷಿಯ ಕೊನೆಯ ಆಕ್ಷೇಪ: ಇಷ್ಟೆಲ್ಲ ಏಕೆ? ಚಿತ್ರ ಸಿಗದಿದ್ದರೆ ಅದರ ಬದಲು 'ಚಿತ್ರ ಲಭ್ಯವಿಲ್ಲ' ಎಂಬ ಇನ್ನೊಂದು ಚಿತ್ರ ತೋರಿಸಿದರಾಯಿತು. ಇದು ಅನವಸ್ಥಾ ದೋಷ. ಆ ಇನ್ನೊಂದು ಚಿತ್ರವೂ ಅದೇ ಫೋಲ್ಡರಿನಲ್ಲಿರುತ್ತದೆ, ಅದೇ ದಾರಿಯಲ್ಲಿ ಕಳೆದುಹೋಗುತ್ತದೆ. ಅದಕ್ಕೂ ಬದಲಿ, ಆ ಬದಲಿಗೂ ಬದಲಿ. ಈ ಸರಪಳಿಯನ್ನು ತುಂಡರಿಸಿದವರಲ್ಲಿ ಆಟ ಕಟ್ಟುವವರೂ ಸೇರಿದ್ದಾರೆ. ಸೋರ್ಸ್ ಎಂಜಿನ್‌ನ ಆಟಗಳಲ್ಲಿ ಟೆಕ್ಸ್ಚರ್ ಸಿಗದ ಕಡೆ ನೇರಳೆ-ಕಪ್ಪು ಚೌಕಳಿ ಕಾಣುತ್ತದೆ. ಫೈಲಿನ ಹಂಗಿಲ್ಲದೆ ಕೋಡ್ ತಾನೇ ಬರೆದ ಚೌಕಳಿಗೆ ದಾರಿ ತಪ್ಪುವ ಭಯವಿಲ್ಲ, ಮೌನದ ಆರೋಪವೂ ಇಲ್ಲ. ಕಚೇರಿ ತಂತ್ರಾಂಶಗಳಿಗೂ ಇದನ್ನೇ ವಿಧಿಸಬೇಕೆಂಬುದು ನಮ್ಮ ಸಿದ್ಧಾಂತ. ಗ್ರಾಹಕರು ಅದನ್ನು ನೋಡಿ 'ಹೊಸ ಲೋಗೋ ಪರವಾಗಿಲ್ಲ, ಬಣ್ಣ ಸ್ವಲ್ಪ ಜಾಸ್ತಿಯಾಯಿತು' ಎಂದರೆ ಅದು ಅಭಾವವಲ್ಲ, ಅನ್ಯಥಾಖ್ಯಾತಿ. ಅದಕ್ಕೆ ಬೇರೆ ಗ್ರಂಥವೇ ಬೇಕು, ಬೇರೆ ಬಿಲ್ಲೂ.