ಸೋರುವ ವಿಮಾನದ ಕೆಳಗೆ

ಏರೋ ಇಂಡಿಯಾ ವಿಮಾನ ಪ್ರದರ್ಶನಕ್ಕೆ ಹೋಗಿ ಆಕಾಶ ನೋಡದೆ ಬಂದವರು ಬೆಂಗಳೂರಿನಲ್ಲಿ ಎಷ್ಟು ಮಂದಿ ಇದ್ದಾರೋ ಕಾಣೆ, ಮೂವರಂತೂ ಇದ್ದೇವೆ. ಆ ಮೂವರಲ್ಲಿ ನಾಚಿಕೆ ಅತಿ ಕಡಿಮೆ ಇರುವವಳು ನಾನು. ಅದಕ್ಕೇ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.

2019ರ ಫೆಬ್ರವರಿ. ಶನಿವಾರ ಯಲಹಂಕದಲ್ಲಿ ಪ್ರದರ್ಶನದ ಪಾರ್ಕಿಂಗ್ ಮೈದಾನಕ್ಕೆ ಬೆಂಕಿ ಬಿದ್ದು ಸುಮಾರು 300 ಕಾರು ಸುಟ್ಟುಹೋಗಿದ್ದವು. ಭಾನುವಾರ ಬೆಳಿಗ್ಗೆ ನಾನು ಟೋಪಿ, ನೀರಿನ ಬಾಟಲಿ ಹಿಡಿದು ಹೊರಟು ನಿಂತರೆ, ನಮ್ಮವರು ಪೇಪರಿನ ಫೋಟೊ ತಂದು ಮುಖಕ್ಕೆ ಹಿಡಿದರು.

"ನಾವು ಹೋಗೋದು ಬಸ್ಸಲ್ಲಿ ರೀ."

"ಅದೂ ಯಾವುದಕ್ಕೆ? ಡಕೋಟಾ ನೋಡೋಕೆ! ಕೆಳಗೆ ನಮ್ಮ ಸ್ಕೂಟರ್ ನಿಂತಿದೆ, ನೋಡ್ಕೊಂಡು ಬಾ, ಟಿಕೆಟ್ಟೂ ಬೇಡ."

ಹೆಬ್ಬಾಳದ ಫ್ಲೈಓವರ್ ಹತ್ತಲಾರದೆ ಕೆಮ್ಮುವ ಲಡಕಾಸಿ ಗಾಡಿಗಳಿಗೆಲ್ಲ ಡಕೋಟಾ ಅನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಉರಿ. ಡಕೋಟಾ ಮಾದರಿಯ ವಿಮಾನ ಮೊದಲು ಹಾರಿದ್ದು 1935ರ ಡಿಸೆಂಬರ್ 17ರಂದು. ಅದು ರೈಟ್ ಸಹೋದರರು ಹಾರಿದ ತಾರೀಖೂ ಹೌದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೇನೆಯ ಡಕೋಟಾಗಳನ್ನು ಪ್ರಯಾಣಿಕರ ವಿಮಾನವಾಗಿ ಮಾರ್ಪಡಿಸಿ ಕೊಟ್ಟದ್ದು ನಮ್ಮ ಎಚ್‌ಎಎಲ್. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಸೈನಿಕರನ್ನು ಹೊತ್ತು ಶ್ರೀನಗರದಲ್ಲಿ ಇಳಿದದ್ದೂ ಡಕೋಟಾಗಳೇ. ಇದನ್ನೆಲ್ಲ ಮೇಖ್ರಿ ಸರ್ಕಲ್ಲಿನಿಂದ ಯಲಹಂಕದವರೆಗೆ ಹೇಳಿದೆ. ಟ್ರಾಫಿಕ್ ಇದ್ದದ್ದರಿಂದ ಎರಡೆರಡು ಸಲ ಹೇಳಲು ಅನುಕೂಲವಾಯಿತು. ನಮ್ಮವರು ಕಿಟಕಿಯಾಚೆ ಮುಚ್ಚಿದ್ದ ಬಿರಿಯಾನಿ ಹೋಟೆಲುಗಳನ್ನು ಲೆಕ್ಕ ಹಾಕುತ್ತಿದ್ದರು. ಮಾಂಸದ ವಾಸನೆಗೆ ಹದ್ದು ಬಂದು ವಿಮಾನಕ್ಕೆ ಬಡಿಯದಿರಲೆಂದು ಪ್ರದರ್ಶನದ ಹೊತ್ತಿಗೆ ಅಲ್ಲೆಲ್ಲ ಮಾಂಸದ ವ್ಯಾಪಾರ ಬಂದ್. ಆ ಭಾನುವಾರದ ಬಿರಿಯಾನಿಯ ಲೆಕ್ಕ ನನ್ನ ಖಾತೆಯಲ್ಲಿ ಇವತ್ತಿಗೂ ಬಾಕಿ ಇದೆ.

ಒಳಗೆ ಹೋದೊಡನೆ ಅವರು ನೆರಳು ಹುಡುಕಿಕೊಂಡು ಹೋದರು. ನಾನು ಡಕೋಟಾ ಹುಡುಕಿಕೊಂಡು ಹೋದೆ.

ಬಾಲ ನೆಲಕ್ಕೂರಿ, ಮೂತಿ ಆಕಾಶಕ್ಕೆತ್ತಿ ನಿಂತಿತ್ತು. ಮೈಮೇಲೆ ವಿಪಿ 905 ಎಂಬ ಗುರುತು, ಹೆಸರು 'ಪರಶುರಾಮ'. ಗುಜರಿ ಸೇರಲಿದ್ದ ಇದನ್ನು ಕೊಂಡು, ಇಂಗ್ಲೆಂಡಿನಲ್ಲಿ ರಿಪೇರಿ ಮಾಡಿಸಿ, ವಾಯುಪಡೆಗೆ ಕಾಣಿಕೆ ಕೊಟ್ಟವರು ಆಗ ಕರ್ನಾಟಕದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್. ಅವರ ತಂದೆ ವಾಯುಪಡೆಯಲ್ಲಿ ಡಕೋಟಾ ಹಾರಿಸಿದವರು. 2018ರ ಏಪ್ರಿಲ್‌ನಲ್ಲಿ ಕಾವೆಂಟ್ರಿಯಿಂದ ಹೊರಟು, ಅಲ್ಲಲ್ಲಿ ಇಳಿದು ದಣಿವಾರಿಸಿಕೊಂಡು, ಜಾಮ್‌ನಗರಕ್ಕೆ ತಾನೇ ಹಾರಿ ಬಂತು. ಶ್ರೀನಗರಕ್ಕೆ ಹೋಗಿದ್ದ ವಿಪಿ 905 ಬೇರೆ, ಇದಕ್ಕೆ ಅದರ ಗುರುತನ್ನು ಮಾತ್ರ ಬರೆದಿದ್ದಾರೆ ಎಂದು ತಕರಾರು ತೆಗೆಯುವ ಪಂಡಿತರು ಇದ್ದಾರೆ. ಇರಲಿ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಊರು ನಮ್ಮದು.

ಹಗ್ಗದ ಈಚೆ ಬಿಳಿ ಮೀಸೆಯ ಹಿರಿಯರೊಬ್ಬರು ಕೈ ಹಿಂದಕ್ಕೆ ಕಟ್ಟಿ ನಿಂತಿದ್ದರು. ಪಕ್ಕದಲ್ಲಿ, ಮೊಳದುದ್ದದ ಲೆನ್ಸಿನ ಕ್ಯಾಮೆರಾ ಹೊತ್ತ ಒಬ್ಬ ಹುಡುಗ. ಇಬ್ಬರ ಕಣ್ಣೂ ಎಡಗಡೆಯ ಇಂಜಿನ್ನಿನ ಕೆಳಗಿಟ್ಟ ತಗಡಿನ ತಟ್ಟೆಯ ಮೇಲೆ.

"ಆಯಿಲ್ ಸೋರ್ತಾ ಇದೆಯಾ ಸರ್?" ಎಂದೆ.

"ಸೋರಲೇಬೇಕಮ್ಮ. ಸೋರದಿದ್ರೆ ಒಳಗೆ ಆಯಿಲ್ ಇಲ್ಲ ಅಂತ ಅರ್ಥ."

ಜೋರ್ಹಾಟ್‌ನಲ್ಲಿ ಡಕೋಟಾಗಳ ನಟ್ಟುಬೋಲ್ಟು ಬಿಗಿದವರಂತೆ. ಹದಿನಾಲ್ಕು ಸಿಲಿಂಡರುಗಳು ದುಂಡಗೆ ಕೂತಿರುವುದರಿಂದ ಕೆಲವು ತಲೆಕೆಳಗಾಗಿರುತ್ತವೆ, ನಿಂತಾಗ ಎಣ್ಣೆ ಅವುಗಳಿಗೆ ಇಳಿಯುತ್ತದೆ, ಸ್ಟಾರ್ಟ್ ಮಾಡುವ ಮೊದಲು ಪ್ರೊಪೆಲ್ಲರನ್ನು ಕೈಯಲ್ಲಿ ತಿರುಗಿಸಿ ನೋಡದಿದ್ದರೆ ಒಳಗಿನ ಕಡ್ಡಿ ಮುರಿದೇ ಹೋಗಬಹುದು ಎಂದೆಲ್ಲ ಹೇಳಿದರು. ಹೇಳುತ್ತಲೇ ಬೆರಳು ತೋರಿಸಿದರು. ಇಂಜಿನ್ ಮುಚ್ಚಳದ ಅಂಚಿನಲ್ಲಿ ಒಂದು ಹನಿ ಕಟ್ಟುತ್ತಿತ್ತು.

ಮೊದಲು ಅದು ಬರಿಯ ಹೊಳಪು. ಆಮೇಲೆ ಹೊಟ್ಟೆ ಬಂತು. ಕರಿಕಂದು ಬಣ್ಣ, ಒಳಗೆ ಬಿಸಿಲಿನ ಒಂದು ಕಿಡಿ. ಬೀಳುತ್ತದೆ ಅನ್ನುವಷ್ಟರಲ್ಲಿ ಗಾಳಿ ಬಂದು ಮತ್ತೆ ಅಂಚಿಗೆ ಒರಗಿತು. ನೆಂಟರು ಹಾಲಿನಲ್ಲಿ ಕೂತಿರುವಾಗ ಡಿಕಾಕ್ಷನ್ ಇಳಿಯುವುದನ್ನು ಕಾಯುವ ಹಾಗೆ ಮೂವರೂ ಉಸಿರು ಬಿಗಿಹಿಡಿದೆವು. ಮೇಲೆ ಸುಖೋಯ್ ಒಂದು ಬಾನನ್ನು ಸೀಳಿಕೊಂಡು ಹೋಯಿತು. ಸಾವಿರಾರು ತಲೆ ಮೇಲೆದ್ದವು, ನಮ್ಮ ಮೂರು ಮಾತ್ರ ಕೆಳಗೆ.

ಹುಡುಗನಿಗೆ ಫೋಟೊ ಬೇಕು. ಅವನ ಲೆನ್ಸು ದೂರದ ರಫೇಲಿಗೆಂದು ತಂದದ್ದು, ಹತ್ತಿರದ ಹನಿ ಅದಕ್ಕೆ ಕಾಣದು. "ಆಂಟಿ, ಸ್ವಲ್ಪ ಜಾಗ ಬಿಡಿ" ಎಂದು (ಆ ಮಾತಿನ ಮೊದಲ ಪದವನ್ನು ನಾನು ಕ್ಷಮಿಸಿಲ್ಲ) ಹಿಂದೆ ಹಿಂದೆ ಹೋದ. ಒಂದು ಸಂಸಾರದ ಪುಳಿಯೋಗರೆ ಡಬ್ಬಿ ತುಳಿದ. ಅವರು "ಅಲ್ಲೇನಪ್ಪಾ ಇದೆ?" ಎಂದರು. ಇವನು ಮಾತಾಡಲಿಲ್ಲ, ಹನಿ ಅಲುಗೀತೆಂಬ ಭಯ. ಮಾತಾಡದಿದ್ದದ್ದೇ ತಪ್ಪಾಯಿತು. ಬಗ್ಗಿ ನೋಡುವವರು ನಾಲ್ಕಾದರು, ಹತ್ತಾದರು. ಹಿಂದಿನಿಂದ ಯಾರೋ ಹೆಂಗಸು "ಹಾವಂತೆ" ಎಂದಳು.

ಯಾರು ಕಂಡರೋ, ಮುಂದಿನ ಗಳಿಗೆಯಲ್ಲಿ ಅದು ನಾಗರಹಾವೇ ಆಯಿತು. ಟೈರಿನ ಹಿಂದೆ ಇದೆ ಎಂದರು ಒಬ್ಬರು, ಚಕ್ರದ ಗೂಡಿಗೆ ಹೋಯಿತು ಎಂದರು ಇನ್ನೊಬ್ಬರು. ಒಂದು ಮಗು ಸುಖೋಯ್‌ಗೆ ಅಳದಿದ್ದದ್ದು ಈಗ ಹೋ ಎಂದು ಅತ್ತಿತು. ಕಾವಲಿನ ಜವಾನ ಕೋಲು ಹಿಡಿದು ಓಡಿ ಬಂದ. "ಹನಿ, ಹನಿ!" ಎಂದು ನಾನು ಕೂಗಿದೆ. ಅವನು ಉತ್ತರದವನು, ನನ್ನ ಮಾತು ಅವನಿಗೆ ಹೇಗೆ ಕೇಳಿಸಿತೋ, ರೆಕ್ಕೆಯಲ್ಲಿ ಜೇನು ಹುಡುಕತೊಡಗಿದ. ಹಿರಿಯರು ತಮ್ಮ ವಾಯುಪಡೆಯ ಹಿಂದಿಯಲ್ಲಿ ವಿವರಿಸಿದ ಮೇಲೆ ಇಂಜಿನ್ನಿನ ಕೆಳಗೆ ಬಗ್ಗಿದ. ಅವನ ಬೆನ್ನು ನಮಗೆ ಅಡ್ಡ ಬಂತು. ಟಪ್.

"ತೇಲ್ ಹೈ," ಎಂದ, ಎದ್ದು ನಿಂತು. ನಾವು ಮೂವರು ತಪಸ್ಸು ಮಾಡಿದ್ದನ್ನು ಕಂಡವನು ಅವನೊಬ್ಬನೇ. ಅವನಿಗೆ ಅದು ಬೇಕಾಗಿಯೂ ಇರಲಿಲ್ಲ. ಹುಡುಗನ ಕ್ಯಾಮೆರಾದಲ್ಲಿ ಅವನ ಬೆಲ್ಟು ಬಹಳ ಸ್ಪಷ್ಟವಾಗಿ ಬಂದಿದೆ.

ಹಾವಿಲ್ಲವೆಂದು ತಿಳಿದ ಜನ ಬೇಸರದಿಂದ ಚದುರಿದರು. ಮತ್ತೊಂದು ಜೆಟ್ ತೀರಾ ಕೆಳಗೆ ಬಂದು ಮಗುಚಿಕೊಂಡಿತು. ಹಿರಿಯರು ಆಗಲೂ ತಲೆ ಎತ್ತಲಿಲ್ಲ.

"ನೋಡಲ್ವಾ ಸರ್?"

"ಮಂಗಳವಾರ ಆದಮೇಲೆ ನೋಡೋಕಾಗ್ತಿಲ್ಲಮ್ಮ."

ಮಂಗಳವಾರ, ಪ್ರದರ್ಶನದ ಹಿಂದಿನ ದಿನ, ವಾಯುಪಡೆಯ ಕಸರತ್ತು ತಂಡ ಸೂರ್ಯಕಿರಣದ ಎರಡು ಹಾಕ್ ವಿಮಾನಗಳು ಅಭ್ಯಾಸದಲ್ಲಿ ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡಿದ್ದರು. ನಾನು ಬೆಳಗಿನಿಂದ ಅದನ್ನು ನೆನೆದೇ ಇರಲಿಲ್ಲ. "ಜೋರ್ಹಾಟ್‌ನಲ್ಲಿ ಸಂಜೆ ನಮ್ಮ ಕೆಲಸ ಎಣಿಸೋದು. ಹೋದವು ಎಷ್ಟು, ಬಂದವು ಎಷ್ಟು ಅಂತ," ಎಂದರು. ಆಮೇಲೆ ತಟ್ಟೆ ತೋರಿಸಿ, "ಇನ್ನೊಂದು ಕಟ್ತಾ ಇದೆ ನೋಡಿ."

ಆ ಇನ್ನೊಂದನ್ನು ನೋಡಲು ಆಗಲಿಲ್ಲ. ಎಲ್ಲರನ್ನೂ ಹಿಂದೆ ಸರಿಸಿದರು. ಪ್ರೊಪೆಲ್ಲರ್ ತಿರುಗಿಸಿದರು, ಗೊರಗೊರ ಅಂತು, ನೀಲಿ ಹೊಗೆ ಬಂತು, ಪರಶುರಾಮ ಹಾರಿದ. ಗಂಟೆಗೆ 250 ಕಿಲೋಮೀಟರಿನ ಆಸುಪಾಸಿನ ಸಾವಧಾನ. ಜೆಟ್ಟಾದರೆ ಸದ್ದು ಬಂದ ಕಡೆ ಕತ್ತು ತಿರುಗಿಸುವುದರೊಳಗೆ ಇನ್ನೆಲ್ಲೋ ಹೋಗಿರುತ್ತದೆ. ಇದು ಬಂತು, ಬರುತ್ತಲೇ ಇತ್ತು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರೂ ಅಲ್ಲೇ ಇತ್ತು. ಹಿರಿಯರು ಈಗ ತಲೆ ಎತ್ತಿ ನೋಡಿದರು, ಅದು ಇಳಿದು ನಿಲ್ಲುವವರೆಗೂ.

ನೆರಳಲ್ಲಿ ಕೂತಿದ್ದ ನಮ್ಮವರು, ನಾನು ಕೇಳದೆಯೇ ಇದನ್ನು ಮೊಬೈಲಿನಲ್ಲಿ ಹಿಡಿದಿದ್ದರು. "ಬಂತು, ಬಂತು... ಬರ್ತಾ ಇದೆ..." ಎಂದು ಹಿನ್ನೆಲೆಯಲ್ಲಿ ಅವರದೇ ದನಿ. ಮನೆಯವರ ಗ್ರೂಪಿಗೆ ಹೆಮ್ಮೆಯಿಂದ ಹಾಕಿದರು. ನನ್ನ ತಂಗಿ ತಕ್ಷಣ ಫೋನ್ ಮಾಡಿದಳು.

"ಭಾವ, ನೀವು ಕಳಿಸಿದ ವಿಡಿಯೊ ಸ್ಟಕ್ ಆಗಿದೆ, ಇನ್ನೊಂದ್ಸಲ ಕಳಿಸ್ತೀರಾ?"