ನ್ಯೂಜಿಲೆಂಡಿಗೆ ದಾರಿ ಮಹಾಗಾಂವ್ ಕ್ರಾಸ್ ಮೇಲಿಂದ

ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಕೂತವರಿಗೆ ಯಾವ ಪರದೇಶವೂ ಚೆಂದವೇ. ಹೊರಗೆ 43 ಡಿಗ್ರಿ ಬಿಸಿಲು, ಒಳಗೆ ಕೂಲರಿಗೆ ನೀರು ಹಾಕುವ ಪಾಳಿ ಯಾರದೆಂಬ ಜಗಳ. ಅಂಥ ಹೊತ್ತಿನಲ್ಲಿ ಮೊಬೈಲಿನೊಳಗೆ ಹಿಮದ ಗುಡ್ಡ, ನೀಲಿ ಸರೋವರ, ಖಾಲಿ ರಸ್ತೆ ಕಂಡರೆ ಯಾರು ತಾನೇ ಸುಮ್ಮನಿದ್ದಾರು? ನಮ್ಮ ಕಾಕಾ ಸುಮ್ಮನಿರಲಿಲ್ಲ. "ಮುಂದಿನ ಸೂಟಿಗಿ ನ್ಯೂಜಿಲೆಂಡ್. ಟೂರಿನವರ ಸಂಗಟ ಒಲ್ಲೆ. ಕಾರು ನಾನೇ ಹೊಡೀತೀನಿ, ಪ್ಲಾನೂ ನಂದೇ" ಎಂದು ಸಾರಿಬಿಟ್ಟರು. ಕಾಕು ರೊಟ್ಟಿ ಬಡಿಯುತ್ತಲೇ, "ಸೂಪರ್ ಮಾರ್ಕೆಟಿನಾಗ ಗಾಡಿ ಎಲ್ಲಿ ನಿಲ್ಸೀನಿ ಅನ್ನೂದು ನೆನಪಿರಲ್ಲ ಇವರಿಗಿ" ಎಂದರು. ಆಮೇಲೆ ಬಡಿತ ಸ್ವಲ್ಪ ಜೋರಾಯಿತು.

ಕಾಕಾನ ಹಟದಲ್ಲೂ ನ್ಯಾಯವಿದೆ ಅನ್ನಿ. ಟೂರಿನವರ ಜೊತೆ ಹೋದರೆ ಊರು ನೋಡುವುದಕ್ಕಿಂತ ಛತ್ರಿ ಎತ್ತಿ ಮುಂದೆ ನಡೆಯುವವನ ಬೆನ್ನು ನೋಡಿದ್ದೇ ಹೆಚ್ಚು. "ಇಪ್ಪತ್ತು ನಿಮಿಷ, ಫೋಟೋ ತಗೊಳ್ರಿ, ಬಸ್ ಹತ್ತರಿ." ನ್ಯೂಜಿಲೆಂಡಿನ ದಕ್ಷಿಣ ದ್ವೀಪವಂತೂ ಸ್ವಂತ ಕಾರಿನವರಿಗೇ ಹೇಳಿ ಮಾಡಿಸಿದ ಜಾಗ. ನಮ್ಮ ಹಾಗೇ ಅಲ್ಲೂ ರಸ್ತೆಯ ಎಡಕ್ಕೇ ಓಡಿಸಬೇಕು. ಲೈಸೆನ್ಸು ಇಂಗ್ಲಿಷಿನಲ್ಲಿದ್ದರೆ ನಡೆಯುತ್ತದೆ. ದೇಶದಲ್ಲಿ ಜನ ಐವತ್ತು ಲಕ್ಷದ ಆಸುಪಾಸು, ಕುರಿ ಎರಡು ಕೋಟಿಗೂ ಮಿಗಿಲು. ಹಾರ್ನ್ ಹೊಡೆಯುವವರಿಗಿಂತ ಹೊಡೆಯದವರೇ ಹೆಚ್ಚು.

ಕಾಕಾ ಹಳೆಯ ಡೈರಿಯೊಂದನ್ನು ತೆಗೆದು ಬರೆಯತೊಡಗಿದರು: ಕ್ರೈಸ್ಟ್‌ಚರ್ಚಿನಲ್ಲಿ ನಾಷ್ಟಾ, ಟೆಕಾಪೊ ಸರೋವರದ ದಂಡೆಗೆ ಊಟ, ಮೌಂಟ್ ಕುಕ್ ನೋಡಿಕೊಂಡು ರಾತ್ರಿಗೆ ಕ್ವೀನ್ಸ್‌ಟೌನ್. ಮರುದಿನ ಮಿಲ್ಫರ್ಡ್ ಸೌಂಡ್, ಸಂಜೆಗೆ ವಾಪಸ್. 3,724 ಮೀಟರ್ ಎತ್ತರದ ಪರ್ವತಕ್ಕೆ ಕಾಕಾ ಕೊಟ್ಟ ಸಮಯ ಮುಕ್ಕಾಲು ಗಂಟೆ. ಮೇ ತಿಂಗಳೆಂದರೆ ಅಲ್ಲಿ ಚಳಿಗಾಲದ ಬಾಗಿಲು, ಸಂಜೆ ಐದರ ಸುಮಾರಿಗೆ ಹೊತ್ತು ಮುಳುಗುತ್ತದೆ. ಟೆ ಅನೌ ಊರಿನಿಂದ ಮಿಲ್ಫರ್ಡಿಗೆ ಇರುವುದು 120 ಕಿಲೋಮೀಟರೇ ಆದರೂ ಎಲ್ಲೂ ನಿಲ್ಲದೆ ಹೋದರೆ ಎರಡು ಗಂಟೆ. ನಿಲ್ಲದೆ ಹೋಗುವವನು ಅಲ್ಲಿಗೆ ಹೋಗುವುದಾದರೂ ಯಾಕೆ? ಪೆಟ್ರೋಲು ಟೆ ಅನೌದಲ್ಲೇ ತುಂಬಿಸಿಕೊಳ್ಳಬೇಕು. ಹಿಮ ಬಿದ್ದರೆ ಟೈರಿಗೆ ಸರಪಳಿ ಕಟ್ಟಬೇಕು. ನಮ್ಮ ಮನೆಯಲ್ಲಿ ಪಂಚರ್ ಆದ ಟೈರು ಬಿಚ್ಚಲಿಕ್ಕೂ ಓಣಿಯ ಹುಡುಗರನ್ನೇ ಕೂಗುವುದು, ಆ ಮಾತು ಬೇರೆ.

ನನಗೆ ಭಯ ಹುಟ್ಟಿಸಿದ್ದು ಹಿಮವಲ್ಲ, ಸೇತುವೆ. ಅಲ್ಲಿ ಹೆದ್ದಾರಿಯಲ್ಲೂ ಒಂದೇ ಗಾಡಿ ಹಿಡಿಸುವ ಸೇತುವೆಗಳಿವೆ. ಮುಂಚೆಯೇ ಫಲಕವಿರುತ್ತದೆ: ಒಂದು ದೊಡ್ಡ ಬಾಣ, ಒಂದು ಚಿಕ್ಕ ಕೆಂಪು ಬಾಣ. ಕೆಂಪು ನಿಮ್ಮ ಕಡೆಗಿದ್ದರೆ ನಿಂತು ಎದುರಿನವನಿಗೆ ದಾರಿ ಬಿಡಬೇಕು. ನಮ್ಮೂರ ಜಗತ್ ಸರ್ಕಲ್ಲಿನಲ್ಲಿ ಪಳಗಿದ ಕಾಕಾನ ಇಡೀ ಜೀವನವೇ ದಾರಿ ಬಿಡದಿರುವ ವ್ರತ. ಇನ್ನು ಮಿಲ್ಫರ್ಡಿನ ದಾರಿಯ ಹೋಮರ್ ಸುರಂಗದ ಬಾಯಲ್ಲಿ ಕೀಆ ಎಂಬ ಬೆಟ್ಟದ ಗಿಳಿಗಳು ನಿಂತ ಕಾರಿನ ರಬ್ಬರು ಕಿತ್ತು ಹಾಕುತ್ತವೆ ಎಂದು ಓದಿ ಹೇಳಿದೆ. "ನಮ್ಮಲ್ಲಿ ಮಂಗ್ಯಾ ಏನು ಕಮ್ಮಿ ಅವ? ಅದಕ್ಕ ಅಷ್ಟು ದೂರ ಯಾಕ?" ಎಂದರು ಕಾಕು.

ಕೊನೆಗೆ ರಿಹರ್ಸಲ್ ಆಗಲಿ ಎಂದು ತೀರ್ಮಾನವಾಯಿತು. ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರ. ಕಾಕಾನ ಡೈರಿಯಲ್ಲಿ ಇದಕ್ಕೂ ಟೈಮ್ ಟೇಬಲ್. ಮಹಾಗಾಂವ್ ಕ್ರಾಸಿನಲ್ಲಿ ಹುಡುಗರು ಚಹಾ ಅಂದರು; ಕಾಕಾ ನಿಲ್ಲಿಸಲಿಲ್ಲ. ಕಾಕು ಬೇವಿನ ನೆರಳಲ್ಲಿ ಐದು ನಿಮಿಷ ಕಾಲು ಚಾಚೋಣ ಅಂದರು. "ಹನ್ನೊಂದಕ್ಕ ಮುಟ್ಟಬೇಕಾಗ್ಯಾದ" ಎಂದರು ಕಾಕಾ. ಕಮಲಾಪುರ ಬಂತು. ಅಂಗಡಿಗಳ ಮುಂದೆ ಹಗ್ಗಕ್ಕೆ ನೇತುಬಿದ್ದ ಕೆಂಪು ಬಾಳೆಯ ಗೊನೆಗಳು. ಜಿಐ ಟ್ಯಾಗ್ ಪಡೆದ ಹಣ್ಣು ಅದು. ಮಾಮೂಲಿ ಬಾಳೆಗಿಂತ ನಿಧಾನಕ್ಕೆ ಬೆಳೆಯುತ್ತದೆ, ರೇಟೂ ಅದಕ್ಕೆ ತಕ್ಕಂತೆ. ಸಿಪ್ಪೆ ಕುಂಕುಮಕ್ಕೆ ಅರಿಷಿಣ ತಾಗಿದ ಹಾಗೆ, ದಪ್ಪ. ಸುಲಿದರೆ ಒಳಗೆ ಕೆನೆಬಣ್ಣ. ಕೈಗೆ ಮೆತ್ತಗೆ ಹತ್ತುವ ತನಕ ಕಾಯಬೇಕು, ಅವಸರ ಮಾಡಿದರೆ ಬಾಯಿ ಒಗರು. ಕಾಕು ಒಂದೊಂದೇ ಹಣ್ಣು ಒತ್ತಿ ನೋಡುತ್ತ, ಅಂಗಡಿಯವನ ಮಗಳ ಮದುವೆಯ ತನಕ ಮಾತು ಎಳೆದಿದ್ದರು. ಕಾಕಾ ಕಾರಿನಿಂದ ಹಾರ್ನ್ ಹೊಡೆದರು. "ಇಪ್ಪತ್ತು ನಿಮಿಷ ಆತು, ಹತ್ತರಿ!"

ಎಲ್ಲರೂ ತಿರುಗಿ ನೋಡಿದೆವು. ಕೈಯಲ್ಲಿ ಛತ್ರಿಯೊಂದು ಇರಲಿಲ್ಲ, ಅಷ್ಟೇ.

ವಾಪಸ್ ಬರುವಾಗ ಡೈರಿ ಕಾಕುವಿನ ಮಡಿಲಲ್ಲಿತ್ತು. ಊರುಗಳಲ್ಲಿ ಅರ್ಧಕ್ಕೆ ಗೀಟು ಬಿತ್ತು. ಟೆ ಅನೌದಲ್ಲಿ ಮೂರು ರಾತ್ರಿ ಸೇರಿತು. ಮಿಲ್ಫರ್ಡಿನಲ್ಲಿ ವರ್ಷಕ್ಕೆ ಆರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಬೋಟಿಗೆ ಹೋದ ದಿನವೇ ಏನೂ ಕಾಣದಿರಬಹುದು ಎಂದು ನಾನು ಹೆದರಿಸಿದೆ. ನಮ್ಮ ಜಿಲ್ಲೆಗೆ ಬೀಳುವುದು ಎಂಟುನೂರರ ಹತ್ತಿರ. "ಮಳಿ ನೋಡ್ಲಾಕೇ ಹೋಗಮ್ ಬಿಡು, ಗುಡ್ಡ ಕಂಡ್ರ ಲಾಭ" ಎಂದರು ಕಾಕು. ಸ್ವಂತ ಪ್ಲಾನು ಅಂದರೆ ಇದೇ ನೋಡಿ. ಕಾರು ಕಾಕಾನದು, ಬ್ರೇಕು ಮಾತ್ರ ಕಾಕುವಿನದು.

ಹೊರಡುವವರಿಗೆ ಒಂದೇ ಮಾತು. ಕೆಂಪು ಬಾಳೆ ಇಲ್ಲೇ ತಿಂದು ಮುಗಿಸಿ, ಬ್ಯಾಗಿನಲ್ಲಿ ಉಳಿಸಬೇಡಿ. ನ್ಯೂಜಿಲೆಂಡಿನೊಳಗೆ ತಾಜಾ ಹಣ್ಣು ಬಿಡುವುದಿಲ್ಲ. ಶೇಂಗಾ ಹಿಂಡಿಯೇ ಇರಲಿ, ತೊಗರಿಬೇಳೆಯೇ ಇರಲಿ, ತಿನ್ನುವುದು ಏನಿದ್ದರೂ ಇಳಿಯುವ ಮುಂಚೆ ಫಾರಂನಲ್ಲಿ ಬರೆದುಕೊಡಿ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಅಲ್ಲೇ 400 ಡಾಲರ್ ದಂಡ.