ಸೋಮವಾರದ ಎದೆಗಾರ

ಸೋಮವಾರ ಸಂಜೆ ಬೆಂಚ್ ಪ್ರೆಸ್ಸಿನ ಬೆಂಚು ಖಾಲಿ ಸಿಕ್ಕಿತು ಎಂದು ಯಾರಾದರೂ ಹೇಳಿದರೆ, ಅವರು ಹೋಗಿದ್ದು ಜಿಮ್ಮಿಗಲ್ಲ. ಭೂಮಂಡಲದ ಗಂಡಸರೆಲ್ಲ ಒಟ್ಟಿಗೆ ಕೂತು ಠರಾವು ಮಾಡಿದ ಹಾಗೆ ಸೋಮವಾರವೆಂದರೆ ಎದೆಯ ದಿನ. ಮಂಗಳವಾರ ಬೆನ್ನಿನದು, ಬುಧವಾರ ತೋಳಿನದು. ಕಾಲಿನ ದಿನ ಮಾತ್ರ ಯಾವ ಪಂಚಾಂಗದಲ್ಲೂ ಬಂದಿಲ್ಲ. ಆ ಸೋಮವಾರದ ಬೆಂಚಿನ ಮೇಲೆ ಟವೆಲ್ಲು, ಶೇಕರು, ಬೈಕಿನ ಕೀಲಿ, ಫೋನು ಹರಡಿಕೊಂಡಿದ್ದರೆ ಅದು ನಮ್ಮ ಎದೆಗಾರನ ಆಸ್ತಿ. ಖಾತೆ ಅವನ ಹೆಸರಲ್ಲಿಲ್ಲ, ಅನುಭೋಗ ಮಾತ್ರ ಅವನದು. ‘ಇನ್ನೂ ಎಷ್ಟು ಸೆಟ್ ಇದೆ ಬ್ರೋ?’ ಎಂದು ಕೇಳಿ ನೋಡಿ, ‘ಲಾಸ್ಟ್ ಎರಡೇ’ ಅನ್ನುತ್ತಾನೆ. ಅರ್ಧ ಗಂಟೆ ಬಿಟ್ಟು ಕೇಳಿದರೂ ಎರಡೇ.

ತೋಳಿಲ್ಲದ ಬನಿಯನ್ನು, ಮಣಿಕಟ್ಟಿಗೆ ಪಟ್ಟಿ, ಸೊಂಟಕ್ಕೆ ನಾಲ್ಕು ಬೆರಳಗಲದ ಬೆಲ್ಟು. ಅಂಗಾತ ಮಲಗಿ ಮಾಡುವ ಕೆಲಸಕ್ಕೆ ಸೊಂಟಕ್ಕೆ ಅಷ್ಟು ಬಿಗಿ ಬೆಲ್ಟು ಯಾಕೆಂದು ಯಾರೂ ಕೇಳಿಲ್ಲ, ಅವನೂ ಯೋಚಿಸಿಲ್ಲ. ಸೊಂಟದಿಂದ ಕೆಳಗೆ ವರ್ಷವಿಡೀ ಸಡಿಲ ಟ್ರ್ಯಾಕ್ ಪ್ಯಾಂಟು; ಒಳಗಿರುವ ಕಾಲುಗಳ ಬಗ್ಗೆ ಊಹಾಪೋಹಗಳಿವೆ.

ಅವನ ಜೀವನದ ಅಂಕಿ ಒಂದೇ: ನೂರು. ‘ಬೆಂಚ್ ಎಷ್ಟು ಹೊಡೀತೀಯ ಮಗಾ?’ ಎಂದು ಸಿಕ್ಕವರನ್ನೆಲ್ಲ ಕೇಳುವುದು ಉತ್ತರಕ್ಕಲ್ಲ, ತಿರುಗಿ ಅವನನ್ನು ಯಾರಾದರೂ ಕೇಳಲಿ ಎಂದು. ಲೆಕ್ಕ ಸರಳ. ಒಲಿಂಪಿಕ್ ಬಾರು 20 ಕೆಜಿ, ಎರಡೂ ಕಡೆ 20ರ ಎರಡೆರಡು ಪ್ಲೇಟು, ಅಲ್ಲಿಗೆ ನೂರು. ಬಡಾವಣೆ ಜಿಮ್ಮಿನ ಬಾರು ಅದಕ್ಕಿಂತ ಗಿಡ್ಡ ಕಾಣುತ್ತದೆ, ಹಗುರವೂ ಇದ್ದೀತು; ಅದನ್ನು ತೂಗಿ ನೋಡುವ ಪಾಪಕ್ಕೆ ಅವನು ಇಳಿಯುವುದಿಲ್ಲ. ಮೊದಲು ಖಾಲಿ ಬಾರು, ಆಮೇಲೆ ನಲವತ್ತು, ಅರವತ್ತು ಎಂದು ಮೈ ಬಿಸಿ ಮಾಡಿಕೊಳ್ಳುವುದೂ ಮರ್ಯಾದೆಗೆ ಕಡಿಮೆ. ಖಾಲಿ ಬಾರು ಎತ್ತುವುದನ್ನು ಯಾರಾದರೂ ನೋಡಿಬಿಟ್ಟರೆ?

ಪಕ್ಕದ ಬೆಂಚಿಗೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬಳು ಹುಡುಗಿ ಬರುತ್ತಾಳೆ. ಖಾಲಿ ಬಾರಿನಿಂದಲೇ ಶುರು. ಮೊದಲು ಚೌಕಟ್ಟಿನ ಸೇಫ್ಟಿ ಸರಳುಗಳನ್ನು ಎದೆ ಉಬ್ಬಿಸಿದಾಗಿನ ಎತ್ತರಕ್ಕಿಂತ ಚೂರು ಕೆಳಗೆ ಸಿಕ್ಕಿಸುತ್ತಾಳೆ. ಬಾರು ಮೇಲೇಳದೆ ಹೋದರೆ ಎದೆ ತಗ್ಗಿಸಿದರಾಯಿತು, ಭಾರ ಸರಳಿನ ಮೇಲೆ ಕೂರುತ್ತದೆ. ಕಣ್ಣು ಬಾರಿನ ನೇರಕ್ಕೆ ಬರುವಂತೆ ಮಲಗಿ, ಹೆಗಲ ಮೂಳೆಗಳನ್ನು ಹಿಂದಕ್ಕೂ ಕೆಳಕ್ಕೂ ಎಳೆದು ಬೆಂಚಿಗೆ ಒತ್ತಿ, ಪಾದವನ್ನು ನೆಲಕ್ಕೆ ಊರುತ್ತಾಳೆ. ಬಾರನ್ನು ಅಂಗೈಯ ಬುಡದಲ್ಲಿ ಕೂರಿಸಿ ಹೆಬ್ಬೆರಳನ್ನು ಸುತ್ತಿ ಹಿಡಿಯುತ್ತಾಳೆ. ಮಣಿಕಟ್ಟು ಹಿಂದಕ್ಕೆ ಬಾಗುವುದಿಲ್ಲ. ಉಸಿರು ತುಂಬಿಕೊಂಡು, ಮರದಿಂದ ಹಗ್ಗ ಕಟ್ಟಿ ಹಲಸಿನಹಣ್ಣು ಇಳಿಸುವವರ ಎಚ್ಚರದಲ್ಲಿ ಇಳಿಸುತ್ತಾಳೆ. ಮೊಣಕೈ ಪೂರಾ ಅಗಲಿಸುವುದೂ ಇಲ್ಲ, ಪಕ್ಕೆಗೆ ಅಂಟಿಸುವುದೂ ಇಲ್ಲ, ನಡುವಿನ ಓರೆಯಲ್ಲಿರುತ್ತದೆ. ಬಾರು ಎದೆಯ ಕೆಳಭಾಗಕ್ಕೆ ತಾಗಿ, ಮೇಲೆ ಹೋಗುತ್ತ ತುಸು ಹಿಂದಕ್ಕೆ ಸರಿದು ಭುಜದ ನೇರಕ್ಕೆ ನಿಲ್ಲುತ್ತದೆ. ಸದ್ದಿಲ್ಲ, ಗದ್ದಲವಿಲ್ಲ. ಹಾಗಾಗಿ ಅಲ್ಲಿ ವ್ಯಾಯಾಮ ನಡೆಯುತ್ತಿದೆ ಎಂಬುದೇ ನಮ್ಮ ಎದೆಗಾರನಿಗೆ ಗೊತ್ತಿಲ್ಲ.

ಅವನ ಕಡೆ ಸದ್ದು ಬೇಕಾದಷ್ಟಿದೆ. ಮೊದಲು ‘ಹಾ!’ ಎಂಬ ಹೂಂಕಾರ. ಹೆಬ್ಬೆರಳು ಬಾರಿನ ಸುತ್ತ ಬರುವುದಿಲ್ಲ, ಉಳಿದ ಬೆರಳುಗಳ ಜೊತೆಗೇ ನಿಲ್ಲುತ್ತದೆ. ಜಾರಿದರೆ ಬಾರು ನೇರ ಎದೆ ಮೇಲೋ ಕತ್ತಿನ ಮೇಲೋ. ಈ ಹಿಡಿತವನ್ನು ಜಿಮ್ಮಿನವರು ಸೂಸೈಡ್ ಗ್ರಿಪ್ ಎಂದೇ ಕರೆಯುತ್ತಾರೆ. ಅವನು ಆ ಹೆಸರನ್ನು ಬಿರುದಾವಳಿಯಲ್ಲಿ ಸೇರಿಸಿಕೊಂಡಿದ್ದಾನೆ. ಮೊಣಕೈ ಎರಡೂ ಭುಜದ ನೇರಕ್ಕೆ ಅಗಲ. ಬಾರು ಎದೆಗೆ ಬಡಿದು ಪುಟಿಯುತ್ತದೆ, ಪಕ್ಕೆಲುಬು ಏನೋ ಹೇಳುತ್ತದೆ, ಇವನು ಕೇಳಿಸಿಕೊಳ್ಳುವುದಿಲ್ಲ. ಅಷ್ಟರಲ್ಲಿ ಕುಂಡೆ ಬೆಂಚು ಬಿಟ್ಟು ಒಂದು ಗೇಣು ಮೇಲೆದ್ದಿರುತ್ತದೆ, ಕಾಲುಗಳು ನೆಲ ಹುಡುಕುತ್ತಿರುತ್ತವೆ.

ಮಾಡುವುದು ಒಬ್ಬನೇ ಅಂತಲ್ಲ. ಹೊಸದಾಗಿ ಸೇರಿದ ಪಿಯುಸಿ ಹುಡುಗನೊಬ್ಬನನ್ನು ಹಿಡಿದು ತಲೆಯ ಕಡೆ ನಿಲ್ಲಿಸಿರುತ್ತಾನೆ. ಸ್ಪಾಟರ್ ಅನ್ನುವವನಿಗೂ ಒಂದು ಕ್ರಮವಿದೆ: ಎಷ್ಟು ಸಲ ಎತ್ತುವುದೆಂದು ಮೊದಲೇ ಮಾತಾಡಿಕೊಳ್ಳಬೇಕು, ಕೈ ಬಾರಿನ ಹತ್ತಿರ ಇಟ್ಟುಕೊಂಡು ಮುಟ್ಟದೆ ನಿಲ್ಲಬೇಕು, ಬಾರು ಮೇಲೇಳದೆ ಕೆಳಗೆ ಹೊರಟಾಗ ಮಾತ್ರ ಹಿಡಿಯಬೇಕು. ಇಲ್ಲಿ ಎರಡನೇ ಸಲಕ್ಕೇ ಹುಡುಗ ಸೊಂಟ ಬಗ್ಗಿಸಿ, ಮುಖ ಕೆಂಪಗೆ ಮಾಡಿಕೊಂಡು ಎಳೆಯುತ್ತಿರುತ್ತಾನೆ. ಬಾಯಲ್ಲಿ ಮಾತ್ರ, ‘ನಿಂದೇ ಅಣ್ಣ, ಪೂರಾ ನಿಂದೇ!’ ಹತ್ತು ಮುಗಿದು ಬಾರು ಠಣ್ಣೆಂದು ಕೊಕ್ಕೆಗೆ ಬಿದ್ದಾಗ ಎದೆಗಾರ ಎದ್ದು ಕನ್ನಡಿ ನೋಡಿಕೊಳ್ಳುತ್ತಾನೆ. ನನಗೆ ಕಂಡಂತೆ ಈ ಮಳೆಗಾಲದಲ್ಲಿ ನಿಜಕ್ಕೂ ಬೆಳೆದದ್ದು ಆ ಹುಡುಗನ ಬೆನ್ನು.

ಟ್ರೇನರಿಗೆ ಇದೆಲ್ಲ ಕಾಣುವುದಿಲ್ಲವೇ? ಕಾಣುತ್ತದೆ. ಇವನು ವರ್ಷದ ಫೀಸು ಒಂದೇ ಕಂತಿನಲ್ಲಿ ಕಟ್ಟಿರುವುದೂ ಕಾಣುತ್ತದೆ.

ಒಮ್ಮೆ ಎದೆಗಾರನ ಮುಂದೆ ಅಂಗವಿಕಲ ಕ್ರೀಡಾಪಟುಗಳ ಪ್ಯಾರಾ ಪವರ್‌ಲಿಫ್ಟಿಂಗ್ ಮಾತು ತೆಗೆದೆ. ಅಲ್ಲಿರುವುದು ಬೆಂಚ್ ಪ್ರೆಸ್ ಒಂದೇ. ಕಾಲನ್ನೂ ಬೆಂಚಿನ ಮೇಲೇ ಚಾಚಿರಬೇಕು, ಬೇಕಾದರೆ ಪಟ್ಟಿ ಬಿಗಿಯಬಹುದು. ನೆಲ ಒದ್ದು ಎತ್ತುವ ಮಾತೇ ಇಲ್ಲ. ಇಳಿಸಿದ ಬಾರು ಎದೆಯ ಮೇಲೆ ಅಲ್ಲಾಡದೆ ನಿಲ್ಲಬೇಕು, ಎರಡೂ ಕೈ ಸಮಸಮವಾಗಿ ಮೇಲೇಳಬೇಕು. ಮೂವರು ತೀರ್ಪುಗಾರರು, ಬಿಳಿ ದೀಪ, ಕೆಂಪು ದೀಪ. 2018ರ ಜಕಾರ್ತ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ ನಮ್ಮ ಬೆಂಗಳೂರಿನ ಫರ್ಮಾನ್ ಬಾಷಾ 49 ಕೆಜಿ ವಿಭಾಗದಲ್ಲಿ 128 ಕೆಜಿ ಎತ್ತಿ ಬೆಳ್ಳಿ ಗೆದ್ದರು. ಇಷ್ಟನ್ನೂ ಹೇಳಿದೆ. ಎದೆಗಾರ ಶೇಕರು ಅಲ್ಲಾಡಿಸುತ್ತ ಕೇಳಿ, ‘ಅದೆಲ್ಲ ಬರೀ ಟೆಕ್ನಿಕ್ಕು ಬ್ರೋ’ ಅಂದ.

ಹಬ್ಬದ ಮರುದಿನದ ಸೋಮವಾರ ಪಿಯುಸಿ ಹುಡುಗ ಊರಿಗೆ ಹೋಗಿದ್ದ. ಜಿಮ್ಮು ಭಣಭಣ. ಎದೆಗಾರನ ನೂರು ಮಾತ್ರ ನೂರಾಗಿಯೇ ಇತ್ತು. ಸೇಫ್ಟಿ ಸರಳುಗಳು ಮೂಲೆಯಲ್ಲಿ ಒರಗಿದ್ದವು. ಪ್ಲೇಟು ಜಾರದಂತೆ ಎರಡೂ ತುದಿಗೆ ಕ್ಲಿಪ್ಪು ಬಿಗಿದಿದ್ದ. ಕ್ಲಿಪ್ಪಿಲ್ಲದಿದ್ದರೆ ಬಾರನ್ನು ಒಂದು ಪಕ್ಕಕ್ಕೆ ವಾಲಿಸಿ ಪ್ಲೇಟು ಸುರಿದಾದರೂ ತಪ್ಪಿಸಿಕೊಳ್ಳಬಹುದಿತ್ತು. ಒಂದು ಸಲ ಇಳಿಸಿದ. ಬಾರು ಎದೆಯ ಮೇಲೆ ಕೂತಿತು, ಎದ್ದೇಳುವ ಮನಸ್ಸು ತೋರಿಸಲಿಲ್ಲ. ಕಾಲು ಬಡಿದ ಸದ್ದಿಗೆ ಬ್ಯಾಂಕಿನ ಹುಡುಗಿ ಓಡಿಬಂದು ಒಂದು ತುದಿ ಹಿಡಿದಳು, ನೆಲ ಒರೆಸುತ್ತಿದ್ದ ಅಕ್ಕ ಮಾಪು ಬಿಸಾಕಿ ಇನ್ನೊಂದು ತುದಿ ಹಿಡಿದರು. ಒಂದು, ಎರಡು, ಮೂರು ಎಂದು ಬಾರನ್ನು ಕೊಕ್ಕೆಗೆ ಸೇರಿಸಿದರು. ಎದೆಗಾರ ಎದ್ದು ಕೂತು, ಉಸಿರು ಹಿಂತಿರುಗಿದ ಮೇಲೆ ಹೇಳಿದ್ದು: ‘ನೆಗೆಟಿವ್ಸ್ ಮಾಡ್ತಾ ಇದ್ದೆ, ಬರೀ ಇಳಿಸೋದು.’

‘ಏನೋ ಮಾಡಪ್ಪ, ನೆಲ ಒಣಗಿದ ಮೇಲೆ ಮಾಡು’ ಅಂದರು ಅಕ್ಕ.

ಆ ಎದೆ ಬಚಾವಾಯಿತು, ಬಲಭುಜ ಆಗಲಿಲ್ಲ. ಅಂಗಿ ತೊಡುವಾಗ ಕೈ ಅರ್ಧಕ್ಕೆ ನಿಲ್ಲುತ್ತಿತ್ತಂತೆ. ಮೂಳೆ ಡಾಕ್ಟರು ತೋಳನ್ನು ಆ ಕಡೆ ಈ ಕಡೆ ತಿರುಗಿಸಿ, ‘ಎರಡು ತಿಂಗಳು ಬೆಂಚ್ ಪ್ರೆಸ್ ಬೇಡ’ ಎಂದು ಬರೆದುಕೊಟ್ಟರು. ಎದೆಗಾರ ಚೀಟಿ ಮಡಚಿ ಜೇಬಿಗಿಟ್ಟುಕೊಂಡು, ಬಾಗಿಲವರೆಗೆ ಹೋಗಿ, ತಿರುಗಿ ಬಂದು ದನಿ ತಗ್ಗಿಸಿ ಕೇಳಿದ: ‘ಇನ್‌ಕ್ಲೈನ್ ಬೆಂಚ್ ಹೊಡೀಬಹುದಾ ಸಾರ್?’